ಕಡಲಿಗೆ ಕಲ್ಲು

“ಒತ್ತು ಮಾಯಿಲ! ನೀನೇ ಕೈ ಬಿಟ್ಟರೆ ಹೇಗೆ?” ದೇರಣ್ಣ ಕೂಗಿದ.

ಮಾಯಿಲಪ್ಪ ಬಂಡೆಯ ಅಡಿಗೆ ಹಾರೆ ಕೊಟ್ಟು ಹೆಗಲು ಒತ್ತಿದ. ಬಂಡೆ ಲಾರಿಗೆ ಒರಗಿಸಿದ ಹಲಗೆಯ ಮೇಲೆ ಒಂದು ಗೇಣು ಏರಿ ನಿಂತಿತು. ಹಿಂದೆ ಗೇರುಮರದ ಬುಡದಲ್ಲಿ ಅವನ ಹೆಂಡತಿ ಪೂವಮ್ಮ ಮಲಗಿದ್ದಳು. ಸ್ವಲ್ಪ ಹೊತ್ತಿಗೆ ಮುಂಚೆ ಇದೇ ಬಂಡೆ ಹಲಗೆಯಿಂದ ಜಾರಿ ಅವಳ ಕಾಲಿನ ಮೇಲೆ ಉರುಳಿತ್ತು. ಮೊಣಕಾಲಿಗೆ ಬಿಗಿದು ಕಟ್ಟಿದ ಬೈರಾಸು ಬಟ್ಟೆ ರಕ್ತದಲ್ಲಿ ಒದ್ದೆಯಾಗಿ, ಆಗಲೇ ನೊಣಗಳು ಬಂದಿದ್ದವು.

ಪೆರಾಬೆಯ ಆ ಗುಡ್ಡದಲ್ಲಿ ಹಿಂದಿನ ಬೇಸಗೆಯಿಂದ ಕಲ್ಲು ಒಡೆಯುತ್ತಿದ್ದರು. ಮಂಗಳೂರಿನ ಆಚೆ ಕಡಲು ಪ್ರತಿ ಮಳೆಗಾಲವೂ ದಡ ಕೊರೆದು, ತೆಂಗಿನಮರಗಳನ್ನೂ ಮನೆಗಳನ್ನೂ ಎಳೆದುಕೊಂಡು ಹೋಗುತ್ತಿತ್ತು. ಮನೆ ಕಟ್ಟುವ ಮೆದು ಮುರಕಲ್ಲು ಅಲೆಗೆ ನಿಲ್ಲುವುದಿಲ್ಲ, ಕರಿಕಲ್ಲೇ ಬೇಕು, ಅದೂ ಒಡೆಯದ ದೊಡ್ಡ ಬಂಡೆಯೇ ಬೇಕು ಎಂದಿದ್ದರು ಎಂಜಿನಿಯರರು. ಕಲ್ಲು ಕೊಡುವ ಗುತ್ತಿಗೆ ದೇರಣ್ಣ ಗೌಡನದು. ಲಾರಿ ಓಡಿಸುವವನು ಅದ್ದು. ಗುಡ್ಡದಲ್ಲಿ ದುಡಿಯುವವರು ಯಾರೂ ಕಡಲನ್ನು ಕಂಡವರಲ್ಲ.

“ಧನಿಗಳೇ, ಕಲ್ಲು ಇಲ್ಲೇ ಇರ್ಲಿ,” ಮಾಯಿಲಪ್ಪ ಕೈಮುಗಿದ. “ಮೊದ್ಲು ಇವಳನ್ನು ಪುತ್ತೂರು ಆಸ್ಪತ್ರೆಗೆ ಮುಟ್ಟಿಸಿ ಬರುವ.”

“ಬೇಡ ಅಂತ ಹೇಳಿದೆನಾ? ಲಾರಿ ಹೇಗೂ ಹೋಗುದುಂಟು. ಖಾಲಿ ಯಾಕೆ ಹೋಗ್ಬೇಕು? ನೀವು ಬೇಗ ಏರಿಸಿದಷ್ಟು ಅವಳಿಗೇ ಒಳ್ಳೇದು.”

ಅದ್ದು ಬಾಯಿ ಹಾಕಿದ. “ಗೌಡ್ರೆ, ಈ ಭಾರ ಹೊತ್ತು ಲಾರಿ ಏರು ಹತ್ತುದು ಯಾವಾಗ?”

“ಓಡ್ಸಲಿಕ್ಕೆ ಆಗದಿದ್ರೆ ಕೀ ಕೊಡು. ಬೇರೆಯವ ಸಿಗ್ತಾನೆ.”

ಅದ್ದು ಬಂದು ಹಲಗೆಯ ಬದಿ ಹಿಡಿದ. ಮಾಯಿಲಪ್ಪ ಮತ್ತೆ ಹಾರೆ ಹಿಡಿದ. ಜನ್ಮದಲ್ಲಿ ಎಂದೂ ಒತ್ತದ ಹಾಗೆ ಒತ್ತಿದ. ಮರದ ಬುಡದಿಂದ ಪೂವಮ್ಮನ ಸ್ವರ ಕೇಳಿತು. “ಮೆಲ್ಲ... ಬೆರಳು ಜಾಗ್ರತೆ.”

ಬಂಡೆ ಏರಿದ ಮೇಲೆ ಅವಳನ್ನೂ ಏರಿಸಿದರು, ಅದರ ಪಕ್ಕದಲ್ಲೇ, ಗೋಣಿಗಳ ಮೇಲೆ. ಮಾಯಿಲಪ್ಪ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಲಾರಿ ಪ್ರತಿ ಏರಿನಲ್ಲೂ ನರಳಿತು. ಅವಳು ನೀರು ಕೇಳಿದಳು, ಚಳಿ ಅಂದಳು, ಆಮೇಲೆ ಏನೂ ಹೇಳಲಿಲ್ಲ.

ಉಪ್ಪಿನಂಗಡಿಯಲ್ಲಿ ಪುತ್ತೂರಿಗೆ ತಿರುಗುವ ಮೊದಲು ಅದ್ದು ಲಾರಿ ನಿಲ್ಲಿಸಿ ಹಿಂದೆ ಹತ್ತಿ ನೋಡಿದ. ಅವಳ ಮೂಗಿನ ಹತ್ತಿರ ಕೈ ಹಿಡಿದ. ಉಸಿರು ತಾಗಲಿಲ್ಲ.

“ಊರಿಗೆ ತಿರುಗಿಸು,” ಅಂದ ಮಾಯಿಲಪ್ಪ.

“ಕಲ್ಲು ಇಳಿಸದೆ ಹೋದ್ರೆ ನಮಗಿಬ್ಬರಿಗೂ ನಾಳೆಯಿಂದ ಕೆಲಸ ಇಲ್ಲ ಮಾರಾಯ. ಇಳಿಸ್ಲಿಕ್ಕೆ ನೀನೂ ಕೈ ಹಾಕ್ಬೇಕು. ಇನ್ನು ಆಸ್ಪತ್ರೆಗೆ ಹೋಗಿ ಎಂತ ಮಾಡುದು?” ಅದ್ದುವಿನ ಕಣ್ಣು ತುಂಬಿತ್ತು. ಆದರೂ ಲಾರಿಯನ್ನು ಪಡುವಣಕ್ಕೇ ಬಿಟ್ಟ. ಮಾಯಿಲಪ್ಪ ಇಳಿಯಲಿಲ್ಲ. ಅವಳನ್ನು ಹೊತ್ತು ಇಳಿದರೂ ಎಲ್ಲಿಗೆ ಹೋಗುವುದು?

ಸೂರ್ಯ ಇಳಿಯುವಾಗ ಕಡಲು ಕಂಡಿತು. ಬೇರು ಹೊರಬಿದ್ದ ತೆಂಗಿನಮರಗಳು, ಅರ್ಧ ಉಳಿದ ಗೋಡೆಗಳು, ಅವುಗಳ ಎದುರು ಊರೂರಿನ ಕರಿಕಲ್ಲಿನ ರಾಶಿ. ಅಲ್ಲಿದ್ದ ಆಳುಗಳು ಕೈ ಜೋಡಿಸಿದರು. ಮಾಯಿಲಪ್ಪ ಹಾರೆ ಹಾಕಿದ. ಬಂಡೆ ಉರುಳಿತು, ನೀರು ಆಳೆತ್ತರ ಹಾರಿ ಅವನ ಮೈಮೇಲೆ ಬಿತ್ತು. ಒಡೆದ ಅಂಗೈ ಉಪ್ಪಿಗೆ ಉರಿಯಿತು.

ಕಳೆದ ಮಳೆಗಾಲದಲ್ಲಿ ಅಡುಗೆಕೋಣೆ ಕಳೆದುಕೊಂಡಿದ್ದ ಆಸ್ಯಮ್ಮ ಹಿತ್ತಿಲಿನಿಂದ ಓಡಿಬಂದಳು. “ಒಳ್ಳೆ ಕಲ್ಲು ತಂದಿದ್ದೀರಿ! ಅಲ್ಲಾಹು ನಿಮ್ಮನ್ನು ಚೆನ್ನಾಗಿಡಲಿ.” ಲಾರಿಯೊಳಗೆ ಇಣುಕಿದಳು. ಗೋಣಿ ಹೊದ್ದು ಮಲಗಿದ ಹೆಂಗಸು ಕಂಡಳು.

“ನಿನ್ನ ಹೆಂಡತಿಯಾ? ಕಡಲು ನೋಡ್ಲಿಕ್ಕೆ ಕರ್ಕೊಂಡು ಬಂದದ್ದಾ? ಪಾಪ, ದಾರಿಯಲ್ಲಿ ಬಳಲಿ ಮಲಗಿದ್ದಾಳೆ. ಎಬ್ಬಿಸು ಮಾರಾಯ, ಬೆಳಕು ಇರುವಾಗಲೇ ನೋಡ್ಲಿ.”

ಅದ್ದು ಮುಖ ತಿರುಗಿಸಿದ. ಮಾಯಿಲಪ್ಪ ಲಾರಿಯ ಹಲಗೆ ಹಿಡಿದು ನಿಂತೇ ಇದ್ದ. ಆಸ್ಯಮ್ಮ ಅಲೆ ತಂದು ಹಾಕಿದ ತೆಂಗಿನ ಮಡಲೊಂದನ್ನು ಒಲೆಗಾಯಿತೆಂದು ಹೆಕ್ಕಿ, ಮರಳಿನ ಮೇಲೆ ಎಳೆದುಕೊಂಡು ಹೋದಳು.