ಮೂರನೆಯ ಸಾಲು

ಒಂದು ಊರು. ಹೆಸರು ಬೇಡ, ಹೇಳಿದರೆ ಪಕ್ಕದ ಊರಿನವರು ಇದು ನಮ್ಮನ್ನೇ ಆಡಿಕೊಂಡದ್ದು ಎಂದು ಮುಖ ಗಂಟು ಹಾಕಿಕೊಂಡಾರು. ಆ ಊರಿನಲ್ಲಿ ಮನುಷ್ಯನ ಮಾತಿಗಿಂತ ಕಡತದ ಮಾತಿಗೆ ಬೆಲೆ ಹೆಚ್ಚು. ಕಡತವೆಂದರೆ ಹುಣಿಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಳಿದು ಗಟ್ಟಿ ಮಾಡಿದ ಕಪ್ಪು ಬಟ್ಟೆ. ಬಳಪದಲ್ಲಿ ಬರೆಯುವುದು, ಬೇಡವಾದರೆ ಒದ್ದೆ ಬಟ್ಟೆಯಲ್ಲಿ ಒರೆಸುವುದು. ಹುಟ್ಟಿದ ಪ್ರತಿಯೊಬ್ಬರಿಗೂ ಒಂದು ಕಡತ, ಪ್ರತಿ ಕಡತದಲ್ಲೂ ಮೂರೇ ಸಾಲು. ಮೊದಲನೆಯದು ಹೆಸರು, ಎರಡನೆಯದು ಮನೆ, ಮೂರನೆಯದು ಅಧಿಕಾರ.

ಮೂರನೆಯ ಸಾಲಿನಲ್ಲಿ ಇರಬಹುದಾದ ಮಾತುಗಳೂ ಮೂರೇ. ಪ್ರಜೆ ಎಂದಿದ್ದರೆ ಬಿಳಿ ರುಮಾಲು, ಪರೀಕ್ಷಕ ಎಂದಿದ್ದರೆ ಹಳದಿ ರುಮಾಲು, ಒಡೆಯ ಎಂದಿದ್ದರೆ ಕೆಂಪು ರುಮಾಲು. ಹೆಸರನ್ನೂ ಮನೆಯನ್ನೂ ಅವರವರೇ ತಿದ್ದಿಕೊಳ್ಳಬಹುದು. ಮೂರನೆಯ ಸಾಲನ್ನು ಮುಟ್ಟುವ ಹಕ್ಕು ಒಡೆಯನಿಗೆ ಮಾತ್ರ. ಅವನು ಯಾರ ಕಡತವನ್ನು ಬೇಕಾದರೂ ತಿದ್ದಬಲ್ಲ.

ಕಡತಗಳೆಲ್ಲ ಇದ್ದದ್ದು ಚಾವಡಿಯೊಳಗೆ. ಚಾವಡಿಗೆ ಜನ ಒಳಹೋಗುವ ಬಾಗಿಲಿರಲಿಲ್ಲ, ಒಂದು ಕಿಂಡಿ ಇತ್ತು. ಕಿಂಡಿಯ ಆಚೆ ಬೋರಯ್ಯ ಎಂಬ ಮುದುಕ ಕೂತಿರುತ್ತಿದ್ದ. ಕೇಳಿದವರಿಗೆ ಕಡತ ಕೊಡುತ್ತಿದ್ದ, ತಿದ್ದಿ ಕೊಟ್ಟದ್ದನ್ನು ನೋಡಿ ಒಳಗಿಡುತ್ತಿದ್ದ. ಅವನ ಬಾಯಿಂದ ಬರುತ್ತಿದ್ದದ್ದು ಮೂರೇ ಉತ್ತರ. ಸರಿಯಿದ್ದರೆ ‘ಆಯಿತು.’ ಗುರುತು ಸಿಗದಿದ್ದರೆ ‘ನೀವು ಯಾರು?’ ಗುರುತಿದ್ದೂ ಹಕ್ಕಿಲ್ಲದಿದ್ದರೆ ‘ನಿಮಗಿಲ್ಲ.’ ಅದರಾಚೆ ಅವನೊಡನೆ ವಾದ ಮಾಡಿ ಗೆದ್ದವರು ಆ ಊರಿನಲ್ಲಿ ಇರಲಿಲ್ಲ.

ಹಳದಿ ರುಮಾಲಿನ ಪರೀಕ್ಷಕನ ಕೆಲಸ ವಿಚಿತ್ರವಾದದ್ದು. ಆ ಕಿಂಡಿಯಲ್ಲಿ ಮಾಡಬಾರದ್ದನ್ನೆಲ್ಲ ಮಾಡಿ ನೋಡುವುದು ಅವನ ಕೆಲಸ. ಪಕ್ಕದ ಮನೆಯವನ ಕಡತ ಕೇಳುವುದು, ಸತ್ತವರ ಹೆಸರು ಹೇಳಿಕೊಂಡು ಬರುವುದು, ಅಧಿಕಾರದ ಸಾಲನ್ನು ಕದ್ದು ತಿದ್ದುವುದು. ಇದಕ್ಕೆಂದೇ ಯಾರೂ ಅಲ್ಲದ ಒಬ್ಬನ ಹೆಸರಿನಲ್ಲಿ ಒಂದು ಸುಳ್ಳು ಕಡತವಿತ್ತು. ಪ್ರತಿ ಸಲವೂ ಬೋರಯ್ಯ ‘ನಿಮಗಿಲ್ಲ’ ಎಂದರೆ ಕಿಂಡಿ ಸರಿಯಾಗಿದೆ ಎಂದರ್ಥ. ಸಂಜೆ ಅದನ್ನು ವರದಿಯಲ್ಲಿ ಬರೆದು ಮನೆಗೆ ಹೋಗುವುದು.

ಈ ಕೆಲಸವನ್ನು ದೊಡ್ಡೀರಯ್ಯ ಎಂಬಾತ ಒಂಬತ್ತು ವರ್ಷದಿಂದ ಮಾಡುತ್ತಿದ್ದ. ಯೋಚಿಸಿ ನೋಡಿ, ಒಂಬತ್ತು ವರ್ಷ, ದಿನಕ್ಕೆ ನಲವತ್ತು ಸಲ ‘ನಿಮಗಿಲ್ಲ’ ಅನ್ನಿಸಿಕೊಂಡ ಮನುಷ್ಯ. ಅದು ಕೆಲಸದ ಮಾತು ಎಂದು ತಲೆಗೆ ಗೊತ್ತು, ಹೊಟ್ಟೆಗೆ ಗೊತ್ತಾಗಬೇಕಲ್ಲ.

ಅದರ ಮೇಲೆ ಸಂಪಿಗಯ್ಯ. ಇಬ್ಬರೂ ಒಂದೇ ದಿನ ಹಳದಿ ರುಮಾಲು ಸುತ್ತಿಕೊಂಡು ಚಾವಡಿಗೆ ಸೇರಿದವರು. ಹಳೆಯ ಒಡೆಯ ಸಾಯುವ ಮುಂಚೆ ಇಬ್ಬರನ್ನೂ ನೋಡಿ ಸಂಪಿಗಯ್ಯನ ಮೂರನೆಯ ಸಾಲನ್ನು ‘ಒಡೆಯ’ ಎಂದು ತಿದ್ದಿದ. ಯಾಕೆಂದು ಹೇಳಲಿಲ್ಲ, ಹೇಳದೆಯೇ ಸತ್ತ. ದೊಡ್ಡೀರಯ್ಯನಿಗೆ ಆ ‘ಯಾಕೆ’ ಒಂದು ಮುಳ್ಳಾಗಿ ಉಳಿಯಿತು.

ಸಂಪಿಗಯ್ಯ ಕೆಟ್ಟವನಾಗಿದ್ದರೆ ದೊಡ್ಡೀರಯ್ಯ ಅವನನ್ನು ಹೇಗೋ ಸಹಿಸಿಕೊಳ್ಳುತ್ತಿದ್ದ. ಅವನು ಒಳ್ಳೆಯವನು. ಚಾವಡಿಯ ಜಗುಲಿಯ ಮೇಲೆ ಕೂತು ಬಂದವರ ಮನೆ ಮಠ ವಿಚಾರಿಸುತ್ತಿದ್ದ. ಜನ ಅವನ ಕಡೆಗೆ ಮುಖ ಮಾಡಿ ನಗುತ್ತಿದ್ದರು. ದೊಡ್ಡೀರಯ್ಯನಿಗೆ ಬೇಕಾಗಿದ್ದದ್ದು ಅದೊಂದೇ. ಊರು ಒಂದು ಸಲ ತನ್ನ ಕಡೆಗೆ ಹಾಗೆ ಮುಖ ತಿರುಗಿಸಬೇಕು.

ಮನೆಯಲ್ಲೂ ನೆಮ್ಮದಿಯಿಲ್ಲ. ಹೆಂಡತಿ ಚೌಡಮ್ಮ ರೊಟ್ಟಿ ಬಡಿಸುತ್ತ, “ನಮ್ಮ ತಂಗಿ ಮನೆ ಬದಲಾಯಿಸಿದ್ಳಲ್ಲ, ಅವಳಿಗೆ ಬರೆಯೋಕೆ ಬರಲ್ಲ ಅಂತ ಸಂಪಿಗಯ್ಯನೋರೇ ಕೂತು ಬರೆದು ಕೊಟ್ರಂತೆ. ಒಂಚೂರೂ ಸಣ್ಣತನ ಇಲ್ಲದ ಮನುಷ್ಯ ಅಂತೀನಿ,” ಎಂದಳು.

“ಕೆಂಪು ರುಮಾಲು ಸುತ್ತಿದ್ದರೆ ನಾನೂ ಬರೆದುಕೊಡುತ್ತಿದ್ದೆ.”

“ನಿಮ್ಮನ್ನ ಯಾರು ಏನಂದ್ರು ಈಗ? ರೊಟ್ಟಿ ತಿನ್ನಿ.”

ಅವನು ರೊಟ್ಟಿ ತಿನ್ನಲಿಲ್ಲ. ಹೊಟ್ಟೆಯೊಳಗೆ ಆಗಲೇ ಬೇರೇನೋ ಉರಿಯುತ್ತಿತ್ತು.

ಮಾರನೆಯ ದಿನ ಅವನು ಸುಳ್ಳು ಕಡತ ಹಿಡಿದು ಕಿಂಡಿಯ ಮುಂದೆ ನಿಂತಿದ್ದ. ಜಗುಲಿಯ ಮೇಲೆ ಸಂಪಿಗಯ್ಯ ಏನೋ ಹೇಳಿದ, ಜನ ಗೊಳ್ಳೆಂದು ನಕ್ಕರು. ದೊಡ್ಡೀರಯ್ಯನ ಕಣ್ಣು ಅತ್ತ ಹೋಯಿತು, ಕೈ ಇತ್ತ ಒರೆಸುತ್ತಲೇ ಇತ್ತು. ನೋಡಿದರೆ ಮೂರನೆಯ ಸಾಲಿನ ಜೊತೆಗೆ ಎರಡನೆಯದೂ ಅಳಿಸಿಹೋಗಿದೆ. ಒಂಬತ್ತು ವರ್ಷದಲ್ಲಿ ಅವನು ಯಾವಾಗಲೂ ಒಂದು ಸಲಕ್ಕೆ ಒಂದೇ ಸಾಲು ತಿದ್ದಿದವನು. ಪರೀಕ್ಷಕರು ಹಾಗೆ ಮಾಡುವುದೇ ವಾಡಿಕೆ. ಇವತ್ತು ಬೇಸರದಲ್ಲಿ ಎರಡೂ ಸಾಲು ಬರೆದ. ಮನೆಯ ಜಾಗದಲ್ಲಿ ಬಾಯಿಗೆ ಬಂದ ಒಂದು ಮನೆ, ಅಧಿಕಾರದ ಜಾಗದಲ್ಲಿ ‘ಒಡೆಯ’. ಬರೆದು ಕಿಂಡಿಯೊಳಗೆ ನೂಕಿದ.

ಬೋರಯ್ಯ ಹೆಸರು ನೋಡಿದ. ಮನೆ ಬದಲಾದದ್ದು ನೋಡಿದ. ಮನೆ ತಿದ್ದಲು ಬಂದವನು ಎಂದುಕೊಂಡು ಅಲ್ಲಿಗೇ ಓದು ನಿಲ್ಲಿಸಿದ.

“ಆಯಿತು,” ಎಂದ.

ದೊಡ್ಡೀರಯ್ಯ ಎಡಬಲ ನೋಡಿದ. ಕಡತವನ್ನು ಮತ್ತೆ ಕೇಳಿ ಪಡೆದು ಎಲ್ಲ ಮೊದಲಿನಂತೆ ಮಾಡಿದ. ಸಂಜೆ ವರದಿಯಲ್ಲಿ ಬರೆಯಬೇಕಾದದ್ದು ಬೆಟ್ಟದಷ್ಟಿತ್ತು. ಅವನು ಬರೆದದ್ದು ‘ಕಿಂಡಿ ಸರಿಯಾಗಿದೆ’ ಎಂಬ ಎರಡೇ ಮಾತು. ಆ ಒಂಬತ್ತು ವರ್ಷದಲ್ಲಿ ಅವನು ಬರೆದ ಮೊದಲನೆಯ ಸುಳ್ಳು ಅದು.

ಮೂರು ದಿನ ತಡೆದುಕೊಂಡ. ನಾಲ್ಕನೆಯ ದಿನ ತನ್ನದೇ ಕಡತ ಕೇಳಿದ. ಮನೆಯ ಸಾಲಿನಲ್ಲಿ ‘ಬೇವಿನಮರದ ಮನೆ’ ಎಂದಿದ್ದದ್ದನ್ನು ‘ಬೇವಿನಮರದ ಪಕ್ಕದ ಮನೆ’ ಎಂದು ಮಾಡಿದ. ಮೂರನೆಯ ಸಾಲಿನಲ್ಲಿ ಏನು ಬರೆದನೆಂದು ನಿಮಗೆ ಗೊತ್ತು. ಬೋರಯ್ಯ ಆಯಿತು ಎಂದ. ಮಧ್ಯಾಹ್ನದ ಹೊತ್ತಿಗೆ ರುಮಾಲಿನ ಉಗ್ರಾಣದವನು ಕಡತ ನೋಡಿ ಕೆಂಪು ರುಮಾಲು ತಂದು ಕೈಗಿಟ್ಟ. ಊರಿನವರು ಹುಬ್ಬೇರಿಸಿದರು, ಆಮೇಲೆ ಇಳಿಸಿದರು. ಕಡತದಲ್ಲಿ ಇದೆಯಲ್ಲ, ಇನ್ನು ಕೇಳುವುದೇನು?

ಹೊಸ ಒಡೆಯ ಮಾಡಿದ ಮೊದಲ ಕೆಲಸ ಸಂಪಿಗಯ್ಯನ ಕಡತ ತರಿಸಿದ್ದು. ‘ಒಡೆಯ’ ಎಂಬುದನ್ನು ಒರೆಸಿದ. ‘ಪ್ರಜೆ’ ಎಂದು ಬರೆಯಬಹುದಿತ್ತು. ಆದರೆ ತಾನು ಒಂಬತ್ತು ವರ್ಷ ಕೇಳಿದ ‘ನಿಮಗಿಲ್ಲ’ವನ್ನು ಅವನೂ ಕೇಳದಿದ್ದರೆ ಏನು ಸುಖ? ‘ಪರೀಕ್ಷಕ’ ಎಂದು ಬರೆದ.

ಸಂಪಿಗಯ್ಯ ತನ್ನ ಕಡತವನ್ನು ಎರಡು ಸಲ ಓದಿದ. ಕೆಂಪು ರುಮಾಲು ಬಿಚ್ಚಿ ಮಡಿಸಿ ಕೊಟ್ಟು, ಹಳದಿಯದನ್ನು ಸುತ್ತಿಕೊಂಡು ಕಿಂಡಿಯ ಮುಂದೆ ನಿಂತ.

ಈಗ ಜಗುಲಿ ದೊಡ್ಡೀರಯ್ಯನದು. ಅವನು ಕೂತ, ಕಾಲು ಚಾಚಿದ, ಜನ ಬರಲೆಂದು ಕಾದ. ಜನ ಬಂದರು, ಕೆಲಸ ಹೇಳಿದರು, ಕೈ ಮುಗಿದರು, ಹೋದರು. ಹೋದದ್ದು ಮಾತ್ರ ಮನೆಗಲ್ಲ, ಕಿಂಡಿಯ ಕಡೆಗೆ.

ಅಲ್ಲಿ ಸಂಪಿಗಯ್ಯ ಪರೀಕ್ಷೆ ಮಾಡುತ್ತಿದ್ದ. ಒಂದು ದಿನ ಸೊಂಟ ಬಗ್ಗಿಸಿ ಮುದುಕಿಯಂತೆ ಬಂದು, “ಅಯ್ಯಾ, ನನ್ನ ಸೊಸೆ ಕಡತ ಕೊಡಿ, ಅವಳ ಹೆಸರು ತೆಗೆದು ನನ್ನ ಹೆಸರು ಹಾಕ್ತೀನಿ,” ಎಂದ. ಬೋರಯ್ಯ ಬಿಗಿದ ಮುಖದಲ್ಲೇ “ನಿಮಗಿಲ್ಲ,” ಎಂದ. ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂದೊಂದು ‘ನಿಮಗಿಲ್ಲ’ಕ್ಕೂ ಸಂಪಿಗಯ್ಯ ತಲೆ ಬಾಗಿಸಿ, “ನಮ್ಮ ಬೋರಯ್ಯ ಇರೋವರೆಗೂ ನಿಮ್ಮ ಹೆಸರು ನಿಮ್ಮದೇ ಕಣ್ರಪ್ಪ,” ಎಂದು ಜನರಿಗೆ ಹೇಳುತ್ತಿದ್ದ. ತಮ್ಮ ಕಡತಗಳನ್ನು ಯಾರೋ ಕಾಯುತ್ತಿದ್ದಾರೆ ಎಂಬುದು ಊರಿಗೆ ಮೊದಲ ಸಲ ತಿಳಿಯಿತು. ಒಂಬತ್ತು ವರ್ಷ ಕಾದವನು ಜಗುಲಿಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದ.

ಚೌಡಮ್ಮ ಸಂಜೆ, “ಇವತ್ತು ಸಂಪಿಗಯ್ಯನೋರು ಕಿಂಡಿ ಹತ್ರ ಏನು ಮಾಡಿದ್ರು ಗೊತ್ತಾ?” ಎಂದು ಶುರು ಮಾಡಿದಳು. ಅವನು ಎದ್ದು ಹೊರಗೆ ಹೋದ.

ಅಂಥದ್ದೊಂದು ದಿನ ಸಂಪಿಗಯ್ಯ ತನ್ನ ಸ್ವಂತ ಕಡತ ತೆಗೆದುಕೊಂಡು ಎಲ್ಲರೆದುರಿಗೆ ಎರಡು ಸಾಲನ್ನು ಒಟ್ಟಿಗೆ ತಿದ್ದಿದ. ಬೋರಯ್ಯ “ಆಯಿತು,” ಎಂದ. ಸಂಪಿಗಯ್ಯ ಈಗ ಒಡೆಯ. ಕಡತ ಹಾಗೆ ಹೇಳುತ್ತಿತ್ತು. ಅವನು ಒಂದು ಗಳಿಗೆಯೂ ತಡಮಾಡದೆ ಕಡತವನ್ನು ಮರಳಿ ಕೇಳಿ, ‘ಒಡೆಯ’ ಒರೆಸಿ, ‘ಪರೀಕ್ಷಕ’ ಎಂದು ಬರೆದು, ಜಗುಲಿಯ ಮುಂದೆ ಬಂದು ನಿಂತ.

“ಒಡೆಯರೆ, ಕಿಂಡಿಯಲ್ಲಿ ದೋಷವಿದೆ. ಮನೆಯ ಸಾಲಿನ ಜೊತೆಗೆ ಮೂರನೆಯದನ್ನೂ ತಿದ್ದಿದರೆ ಯಾರು ಬೇಕಾದರೂ ಒಡೆಯರಾಗಬಹುದು.”

ದೊಡ್ಡೀರಯ್ಯ ಚಾಚಿದ ಕಾಲನ್ನು ಎಳೆದುಕೊಂಡ. “ಹಾಗೆ ಯಾರಾದರೂ ಆಗಿದ್ದಾರೆಯೇ?” ಎಂದು ಕೇಳಿದ.

ಸಂಪಿಗಯ್ಯ ಅವನ ಮುಖ ನೋಡಿದ. “ಒರೆಸಿದ ಬಳಪ ಗುರುತು ಉಳಿಸುವುದಿಲ್ಲವಲ್ಲ. ನಾನು ಹೇಗೆ ಹೇಳಲಿ?”

ಗುಂಪಿನಲ್ಲಿ ಒಬ್ಬ ಮುದುಕ ಕಣ್ಣೊರೆಸಿಕೊಂಡು, “ಕೈಗೆ ಬಂದಿದ್ದನ್ನ ಒರೆಸಿ ಹಾಕಿದ್ರಲ್ಲಪ್ಪ. ಎಂಥಾ ಮನುಷ್ಯ,” ಎಂದ. ಎಲ್ಲ ಮುಖಗಳೂ ಸಂಪಿಗಯ್ಯನ ಕಡೆಗೆ ತಿರುಗಿದವು. ಆ ಗಳಿಗೆಯಲ್ಲಿ ದೊಡ್ಡೀರಯ್ಯನಿಗೆ ಸಿಕ್ಕಿಬೀಳುವ ಭಯ ಮರೆತೇ ಹೋಯಿತು. ಅವನಿಗಿಂತ ತಾನು ದೊಡ್ಡವನೆಂದು ಈಗಲೇ, ಇಲ್ಲೇ, ಇಷ್ಟೂ ಜನರ ಮುಂದೆ ತೋರಿಸಬೇಕು.

“ಬೋರಯ್ಯ,” ಎಂದು ಕೂಗಿದ, “ಇನ್ನು ಮುಂದೆ ಮೂರು ಸಾಲನ್ನೂ ಓದಿಯೇ ಒಳಗಿಡಬೇಕು. ತನ್ನ ಮೂರನೆಯ ಸಾಲನ್ನು ತಾನು ತಿದ್ದುವ ಹಕ್ಕು ಯಾರಿಗೂ ಇಲ್ಲ.”

“ಒಡೆಯರಿಗೆ?” ಎಂದ ಬೋರಯ್ಯ.

“ಒಡೆಯರಿಗೂ ಇಲ್ಲ.”

ಜನ ಭೇಷ್ ಎಂದರು. ಅಷ್ಟರಲ್ಲೇ ಒಬ್ಬಳು, “ದೋಷ ಹುಡುಕಿದ್ದು ನಮ್ಮ ಸಂಪಿಗಯ್ಯನೋರು,” ಎಂದಳು. ಭೇಷ್ ಎಂದವರು ಹೌದು ಹೌದು ಎಂದರು.

ಆಮೇಲೆ ಜಗುಲಿಯಲ್ಲಿ ಕೂರುವುದು ಅವನಿಗೆ ಕೆಂಡದ ಮೇಲೆ ಕೂತಂತಾಯಿತು. ಅವನ ತಲೆಗೆ ಒಂದೇ ಯೋಚನೆ ಹತ್ತಿತು: ಸುಖವೆಲ್ಲ ಇದ್ದದ್ದು ಹಳದಿ ರುಮಾಲಿನಲ್ಲಿ. ತಾನು ದಡ್ಡನಂತೆ ಅದನ್ನು ಎತ್ತಿ ಸಂಪಿಗಯ್ಯನ ಕೈಗೆ ಕೊಟ್ಟುಬಿಟ್ಟಿದ್ದ. ಅದು ತನ್ನದು, ತನಗೆ ಮರಳಿ ಬೇಕು.

ಒಂದು ಬೆಳಿಗ್ಗೆ ತನ್ನ ಕಡತ ಕೇಳಿದ. ‘ಒಡೆಯ’ ಒರೆಸಿ ‘ಪರೀಕ್ಷಕ’ ಎಂದು ಬರೆದು ಕಿಂಡಿಯೊಳಗೆ ಇಟ್ಟ. ಬೋರಯ್ಯ ಮೂರು ಸಾಲನ್ನೂ ಬೆರಳಿಟ್ಟು ಓದಿದ. ಒದ್ದೆ ಬಟ್ಟೆ ತೆಗೆದು ಮೂರನೆಯದನ್ನು ಒರೆಸಿ ಮೊದಲಿನಂತೆ ಬರೆದ.

“ನಿಮಗಿಲ್ಲ,” ಎಂದ.

ಪಕ್ಕದಲ್ಲಿ ನಿಂತಿದ್ದ ಸಂಪಿಗಯ್ಯನಿಗೆ ಸಂತೋಷ ತಡೆಯಲಾಗಲಿಲ್ಲ. “ಒಡೆಯರೇ ಖುದ್ದಾಗಿ ಬಂದು ಪರೀಕ್ಷೆ ಮಾಡಿದಿರಿ. ಇದೊಂದು ಬಾಕಿ ಇತ್ತು. ನನಗೆ ಕೆಂಪು ರುಮಾಲು ಇಲ್ಲ ನೋಡಿ, ನಾನು ಮಾಡುವಂತಿರಲಿಲ್ಲ,” ಎನ್ನುತ್ತ ವರದಿಯಲ್ಲಿ ಬರೆದುಕೊಂಡ.

ದೊಡ್ಡೀರಯ್ಯ ಅವನನ್ನು ಗೋಡೆಯ ಮರೆಗೆ ಕರೆದ. “ಇದನ್ನು ತಿದ್ದಲು ದಾರಿಯೇ ಇಲ್ಲವೇ?”

“ಇದೆ. ಇನ್ನೊಬ್ಬ ಒಡೆಯ ಇರಬೇಕು, ಅವನು ನಿಮ್ಮದನ್ನು ತಿದ್ದಬೇಕು. ನೀವು ಯಾರ ಮೂರನೆಯ ಸಾಲಿಗೆ ಬೇಕಾದರೂ ಒಡೆಯ ಎಂದು ಬರೆಯಬಹುದಲ್ಲ.” ಸಂಪಿಗಯ್ಯ ಮತ್ತೆ ಹೇಳಿದ, “ನಂಬಿಕೆಯಿದ್ದರೆ ನನ್ನದಕ್ಕೇ ಬರೆಯಿರಿ. ನಿಮ್ಮದನ್ನು ತಕ್ಷಣ ಹಳದಿ ಮಾಡುತ್ತೇನೆ.”

“ಆಮೇಲೆ ನೀನು ಕೆಂಪಿನಲ್ಲೇ ಇರುತ್ತೀಯ.”

“ಯಾರಾದರೂ ಇರಲೇಬೇಕಲ್ಲ, ಒಡೆಯರೆ.”

ಬೇರೆ ಯಾರನ್ನಾದರೂ ಒಡೆಯನನ್ನಾಗಿ ಮಾಡಬಹುದಿತ್ತು. ದೊಡ್ಡೀರಯ್ಯ ಒಬ್ಬೊಬ್ಬರನ್ನೇ ನೆನೆದ. ಯಾರ ತಲೆಯ ಮೇಲೆ ಕೆಂಪು ರುಮಾಲು ಇಟ್ಟು ನೋಡಿದರೂ ಮೈ ಉರಿಯಿತು. ಸಂಪಿಗಯ್ಯನ ತಲೆಯ ಮೇಲೆ ನೆನೆದಾಗಲಂತೂ ಊಟವೇ ಸೇರಲಿಲ್ಲ. ಒಂದು ವಾರ ಯೋಚಿಸಿ, ಬೇಡವೆಂದು ಬಿಟ್ಟ.

ಬಿಟ್ಟದ್ದು ಹನ್ನೊಂದು ವರ್ಷವಾಯಿತು. ಒಡೆಯ ತನ್ನ ಸಾಲನ್ನು ತಿದ್ದಿದರೆ ಕಿಂಡಿ ತಡೆಯುತ್ತದೆಯೇ ಎಂಬ ಪರೀಕ್ಷೆಯೂ ದಿನದ ಪಟ್ಟಿಗೆ ಸೇರಿತು. ಅದಕ್ಕೆ ಒಡೆಯನೇ ಬೇಕು. ಪ್ರತಿದಿನ ಬೆಳಿಗ್ಗೆ ದೊಡ್ಡೀರಯ್ಯ ಕಿಂಡಿಗೆ ಬಂದು, ಪರೀಕ್ಷಕ ಎಂದು ಬರೆದು, ನಿಮಗಿಲ್ಲ ಅನ್ನಿಸಿಕೊಂಡು ಹೋಗುತ್ತಿದ್ದ. ಬರೆಯುವಾಗ ಪ್ರತಿದಿನವೂ ಮನಸ್ಸಿಟ್ಟೇ ಬರೆಯುತ್ತಿದ್ದ. ಜನ ಇದನ್ನು ನೋಡಿ ಬೆರಗಾದರು. ಊರೆಲ್ಲ ಅವನ ಕೈಯಲ್ಲಿದ್ದರೂ ದಿನವೂ ತಾನಾಗಿ ಬಂದು ಕಿಂಡಿಗೆ ತಲೆ ಬಾಗಿಸುವ ಒಡೆಯ! ಇಂಥವನನ್ನು ಊರು ಕಂಡಿರಲಿಲ್ಲ. ಎಲ್ಲರೂ ಸೇರಿ ಚಾವಡಿಯ ಮುಂದೆ ಒಂದು ಕಲ್ಲು ನಿಲ್ಲಿಸಲು ನಿಶ್ಚಯಿಸಿದರು.

ಕಲ್ಲು ನಿಲ್ಲಿಸಿದ ದಿನ ದೊಡ್ಡೀರಯ್ಯನ ಕೊರಳಿಗೆ ಸೇವಂತಿಗೆ ಹಾರ ಹಾಕಿದರು. ಊರಿಗೆ ಊರೇ ಬಂದು ಅವನ ಕಡೆಗೆ ಮುಖ ಮಾಡಿ ನಿಂತಿತು. ಅವನ ಎದೆ ತುಂಬಿ ಬಂತು. ಚೌಡಮ್ಮ ಕಲ್ಲಿನ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿದಳು: “ತನ್ನ ಕಡತವನ್ನು ತಾನೆಂದೂ ತಿದ್ದಿಕೊಳ್ಳದ ಒಡೆಯ ದೊಡ್ಡೀರಯ್ಯ.” ಓದಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಎಷ್ಟು ಚೆನ್ನಾಗಿ ಬರೆದಿದಾರೆ,” ಎಂದಳು. “ಯಾರು ಬರೆದಿದ್ದು?”

“ಸಂಪಿಗಯ್ಯನೋರು,” ಎಂದ ಕಲ್ಲು ಕೆತ್ತಿದವನು. “ನಾನು ಕೆತ್ತಿದ್ದಷ್ಟೆ.”

“ಇನ್ನೊಬ್ಬರನ್ನ ಹೀಗೆ ಹೊಗಳೋಕೆ ಎಂಥಾ ಮನಸ್ಸು ಬೇಕು,” ಎಂದರು ಯಾರೋ. ಇಡೀ ಊರು ಹಿಂದೆ ತಿರುಗಿ, ಕಿಂಡಿಯ ಪಕ್ಕದಲ್ಲಿ ನಿಂತಿದ್ದ ಹಳದಿ ರುಮಾಲಿನ ಕಡೆಗೆ ಕೈ ಮುಗಿಯಿತು.

ಹಾರ ಹಾಕಿಕೊಂಡ ದೊಡ್ಡೀರಯ್ಯ ಎಲ್ಲರ ಬೆನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತ. ಆಮೇಲೆ ಕಿಂಡಿಯ ಹತ್ತಿರ ಹೋಗಿ ಬಗ್ಗಿ, ಮೆಲ್ಲನೆ ಕೇಳಿದ.

“ಬೋರಯ್ಯ, ಆ ಕಲ್ಲಿನಿಂದ ಸಂಪಿಗಯ್ಯನ ಹೆಸರನ್ನು ತೆಗೆಸಬಹುದೇ?”

ಬೋರಯ್ಯ ಕಿಂಡಿಯಿಂದ ಕತ್ತು ಹೊರಗೆ ಹಾಕಿ ಕಲ್ಲನ್ನು ಮೊದಲಿನಿಂದ ಕೊನೆಯವರೆಗೆ ಓದಿದ.

“ಅದರಲ್ಲಿರೋದು ನಿಮ್ಮ ಹೆಸರೊಂದೇ, ಒಡೆಯರೆ,” ಎಂದ. “ಅದನ್ನ ತೆಗೆಸಲೇ?”