ಎಡಗಿವಿಯ ದಾವಾ

ಎರಡು ದೇಶಗಳ ನಡುವಿನ ಗಂಭೀರ ವಿಷಯವೊಂದನ್ನು ಇಲ್ಲಿ ನಿವೇದಿಸಬೇಕಾಗಿದೆ: ನನ್ನ ಎಡಗಿವಿ.

ಮದುವೆ ದಿಬ್ಬಣಗಳಲ್ಲಿ ತಲೆಯ ಮೇಲೆ ಗ್ಯಾಸ್‌ಲೈಟು ಹೊರುವುದು ಮೈಸೂರಿನ ಅಶೋಕಪುರಂ ಕೇರಿಯವರಾದ ನಮ್ಮ ಕೆಲಸ. ತಲೆಯೊಳಗೆ ಬೆಳಕಿಲ್ಲದಿದ್ದರೇನಂತೆ, ಮೇಲಾದರೂ ಇತ್ತು. ಐವತ್ತಾರನೇ ಇಸವಿಯಲ್ಲಿ ಹೊಚ್ಚಹೊಸ ಲೈಟೊಂದು ಬೆಸುಗೆ ಬಿಟ್ಟು ಸಿಡಿಯಿತು. ಕಿವಿ ಹೋಯಿತು. ದಿಬ್ಬಣದವರು ಮೊದಲು ಕೇಳಿದ್ದು, "ಲೈಟಿಗೇನಾಯ್ತೋ ನಿಂಗಯ್ಯ?"

ವಕೀಲ ಸುಂದರೇಶರು ಕನಿಕರಪಟ್ಟು ದಾವಾ ಹೂಡಿದರು. ಲೈಟು ಮಾರಿದ ಬೊಂಬಾಯಿಯ ಕಂಪನಿ, "ನಾವು ತರಿಸಿ ಮಾರುವ ಮಗಳು ಕಂಪನಿ ಅಷ್ಟೇ, ಮಾಡಿದ್ದು ಇಂಗ್ಲೆಂಡಿನ ತಾಯಿ ಕಂಪನಿ" ಎಂದಿತು.

"ಮಗ್ಳು ಬೊಂಬಾಯ್ನಲ್ಲಿ ಅಂಗ್ಡಿ ಇಕ್ಕವ್ಳೆ, ಅವ್ವುನ್ ಕರ್ಸಕ್ಕೇನ್ ದೊಡ್ರೋಗ?" ಎಂದಳು ನನ್ನ ಹೆಂಡತಿ ಬೆಟ್ಟಮ್ಮ.

ಕೋರ್ಟಿನಲ್ಲಿ ಕಂಪನಿಯ ವಕೀಲ ಬಿಂದುಮಾಧವರಾಯರು ಎದ್ದರು. "ತಾಯಿ ಕಂಪನಿಗೆ ಈ ದೇಶದಲ್ಲಿ ಮನೆಯಿಲ್ಲ, ಮಳಿಗೆಯಿಲ್ಲ. ಲೈಟು ಬಂದಿದೆ, ಕಂಪನಿ ಬಂದಿಲ್ಲ. ಇನ್ನು ಕಿವಿಯ ಮಾತು. ಎರಡಿದ್ದಾಗಲೂ ಇವನು ಹೇಳಿದ್ದು ಕೇಳಿದವನಲ್ಲ."

ಕೋರ್ಟೆಲ್ಲ ನಕ್ಕಿತು. ನಾನೂ ನಕ್ಕೆ, ಒಂದು ಕಿವಿಗೆ ಕೇಳಿದಷ್ಟು.

"ಸ್ವಾಮಿ, ಸಿಡುದ್ದು ಮೈಸೂರಲ್ಲೇ, ನನ್ ತಲೆ ಮ್ಯಾಗೆ. ನನ್ ತಲೆ ಯಾರ್ ಸರಹದ್ದಿಗ್ ಬತ್ತದೆ?" ಎಂದೆ ಮುನ್ಸೀಫರಿಗೆ.

"ಸುಮ್ನಿರೋ ಬಡ್ಡೀಮಗ್ನೆ," ಎಂದ ಜವಾನ.

ಮುನ್ಸೀಫರು ಮಾತ್ರ ಸಭ್ಯರು. ಬೊಂಬಾಯಿಯವರು ಲೈಟು ಮಾಡಿದವರಲ್ಲ, ಇಂಗ್ಲೆಂಡಿನವರು ತಮ್ಮ ಸರಹದ್ದಿನೊಳಗಿಲ್ಲ, ವಿಚಾರಿಸುವ ಅಧಿಕಾರ ತಮಗಿಲ್ಲ ಎಂದರು. ದಾವಾ ವಜಾ.

ಮುಂದಿನ ಲಗ್ನಕಾಲದಲ್ಲಿ ಅದೇ ಕಂಪನಿ ವಕೀಲ ರಾಯರ ಮಗಳು ಚಂದ್ರಮತಿಯ ಮದುವೆ. ಹೊರಲು ನಾವೇ, ಲೈಟೂ ಅದೇ ಕಂಪನಿಯದು. ಮುಸ್ಸಂಜೆ ವರನನ್ನು ಕರೆತಂದೆವು. ಬೀದಿ ಕಂಬದ ದೀಪ ಎಂದಿನಂತೆ ಕೆಟ್ಟಿತ್ತು. ಛತ್ರದ ಬಾಗಿಲಲ್ಲಿ ರಾಯರು ಕೈ ಅಡ್ಡ ಹಿಡಿದರು.

"ನಿಲ್ರೋ, ನಿಲ್ರೋ! ಒಳಗೆ ಮಡಿ ಅಡುಗೆ. ಲೈಟು ಕೆಳಗಿಡಿ, ನಮ್ಮವರು ತಗೊಂಡು ಹೋಗ್ತಾರೆ."

ಯಾವಾಗಲೂ ಹಾಗೆಯೇ. ಲೈಟು ಒಳಗೆ ಹೋಗಬಹುದು, ಹೊತ್ತವನು ಕೂಡದು. ರಾಯರು ಕೋರ್ಟಿನಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ ಎಂದು ಹೊಳೆಯಲು ನನಗೊಂದು ಕಿವಿ ಖರ್ಚಾಗಬೇಕಾಯಿತು.

"ಬುದ್ಧಿ, ಇದು ಒಳಗ್ ಸಿಡುದ್ರೆ ಯಾರ್ನ್ ಕೇಳೀರಿ?" ಎಂದೆ. "ಇದ್ರವ್ವ ನಿಮ್ ಸರಹದ್ದಲ್ಲಿಲ್ವಲ್ಲ."

"ಏನಂದೆ?"

"ನಮ್ ಸರಹದ್ದು ಬಾಗ್ಲುಗಂಟ. ನಾವ್ ಬರ್ದೆ ಇದ್ರೆ ಬೆಳ್ಕೂ ಬರಕ್ಕಿಲ್ಲ. ಜವರಾ, ಗಾಳಿ ಬುಡ್ಲಾ!"

ನಾನು ಲೈಟಿಳಿಸಿ ಗಾಳಿಯ ತಿರುಪು ಬಿಚ್ಚಿದೆ. ಪಕ್ಕದ ಜವರಯ್ಯ ಬಿಚ್ಚಿದ. ಹಿಂದಿನವರೂ ಬಿಚ್ಚಿದರು. ಬುಸ್ ಎಂದು ಒಂದೊಂದಾಗಿ ಆರಿದವು.

ವರ ಕತ್ತಲಲ್ಲಿ ಒಳಗೆ ಹೋದ. ಮಾರನೆಯ ದಿನ ಲೈಟು ಬಾಡಿಗೆಯ ಸಾಹುಕಾರ ನಮ್ಮನ್ನೆಲ್ಲ ಕೆಲಸದಿಂದ ತೆಗೆದ.