ಬೇಡದ ಫೈಲು

ನಮ್ಮ ಆಫೀಸಿನಲ್ಲಿ ಒಂದು ಪದ್ಧತಿಯಿತ್ತು. ಯಾವ ವೆಬ್‌ಸೈಟ್ ಹೊರಗೆ ಹೋಗಬೇಕಾದರೂ ಮಾಲೀಕರಾದ ಅಚ್ಯುತ್ ಸರ್ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಪ್ರಿಯಂವದಾ ನೋಡಿದ್ರಾ?" ನಾನು ನೋಡಿದ್ದೇನೆ ಎಂದರೆ ಮುಗಿಯಿತು. ಇಲ್ಲವೆಂದರೆ ಯಾರ ಮುಲಾಜಿಗೂ ಅದು ಕದಲುತ್ತಿರಲಿಲ್ಲ. ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ, ಔಷಧಿ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ, ನಾನು ಆರು ವರ್ಷ ಬದುಕಿದ್ದು ಆ ಪ್ರಶ್ನೆಯಿಂದಲೇ. ದಿನಾ ಗೌರಿಬಿದನೂರಿನಿಂದ ಬಸ್ಸಿನಲ್ಲಿ ನಿಂತುಕೊಂಡು ಬರುವವಳಿಗೆ ಅಷ್ಟಾದರೂ ಬೇಡವೇ?

ತನುಜ ಬಂದದ್ದು ಯುಗಾದಿ ಕಳೆದ ಮೇಲೆ. ಶಿಡ್ಲಘಟ್ಟ ತಾಲ್ಲೂಕಿನ ಸಾದಲಿಯ ಹುಡುಗಿ, ವಯಸ್ಸು ಇಪ್ಪತ್ತಮೂರು, ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಓದಿದ್ದು ಚಿಂತಾಮಣಿಯಲ್ಲಿ ಡಿಪ್ಲೊಮಾ. "ಯಾರ ಪೈಕಿ ಹುಡುಗೀನೇ?" ಎಂದು ನಮ್ಮಮ್ಮ ಕೇಳಿದಾಗ "ನಿನಗ್ಯಾಕಮ್ಮ ಅದೆಲ್ಲ" ಎಂದು ಬಾಯಿ ಮುಚ್ಚಿಸಿದ್ದೆ. ಅಂಥ ಸಣ್ಣತನ ನನ್ನಲ್ಲಿಲ್ಲವೆಂದು ನನಗೆ ಬಹಳ ಹೆಮ್ಮೆ. ಸಣ್ಣತನ ಒಳಗೆ ಬರಲು ಮನೆಗೆ ಹಿತ್ತಲ ಬಾಗಿಲೂ ಇರುತ್ತದೆ ಎಂಬುದು ಆಗ ನೆನಪಾಗಲಿಲ್ಲ.

ನನ್ನ ಕೆಲಸದ ರೀತಿಯೇ ಬೇರೆ. ಪುಟದಲ್ಲಿ ಬರುವ ಪ್ರತಿಯೊಂದಕ್ಕೂ ಒಂದು ಹೆಸರಿಡುತ್ತೇನೆ. ಇದು ದರದ ಪಟ್ಟಿ, ಇದು ಪಟ್ಟಿಯ ತಲೆ, ಇದು ತಲೆಯ ಅಂಚು. ಆಮೇಲೆ ಇನ್ನೊಂದು ಫೈಲಿನಲ್ಲಿ ಆ ಹೆಸರಿಗೆ ಯಾವ ಬಣ್ಣ, ಸುತ್ತ ಎಷ್ಟು ಜಾಗ, ಎಷ್ಟು ದಪ್ಪದ ಅಕ್ಷರ ಎಂದು ಕೈಯಾರೆ ಬರೆಯುತ್ತೇನೆ. ತನುಜ ಯಾವುದಕ್ಕೂ ಹೆಸರೇ ಇಡುವುದಿಲ್ಲ. ಅವಳು ಬಳಸುವ ಟೈಲ್‌ವಿಂಡ್‌ನಲ್ಲಿ ಪುಟ್ಟ ಪುಟ್ಟ ಸಿದ್ಧ ಪದಗಳಿರುತ್ತವೆ, ಒಂದು ಪದಕ್ಕೆ ಒಂದೇ ಕೆಲಸ. ಹಳದಿ ಹಿನ್ನೆಲೆಗೆ ಒಂದು, ಗುಂಡನೆಯ ಮೂಲೆಗೆ ಒಂದು, ಅಕ್ಷರ ದಪ್ಪವಾಗಲು ಇನ್ನೊಂದು. ಬೇಕಾದ ಕಡೆ ಅವನ್ನು ಸಾಲಾಗಿ ಪೋಣಿಸಿಬಿಟ್ಟರೆ ಆಯಿತು, ಬೇರೆ ಫೈಲೇ ಬೇಡ.

"ಇದೇನೇ ಇದು, ಒಂದು ಬಟನ್ನಿಗೆ ಹದಿನೇಳು ಪದ? ಮದುವೆ ಹೆಣ್ಣಿಗೂ ಇಷ್ಟು ಒಡವೆ ಹಾಕಲ್ಲ," ಎಂದೆ ಮೊದಲ ವಾರ.

"ನೋಡೋಕೆ ಹಂಗನ್ಸುತ್ತೆ ಅಕ್ಕ. ಆದ್ರೆ ಒಂದ್ಕಡೆ ಬದಲಾಯಿಸಿದ್ರೆ ಇನ್ನೊಂದ್ಕಡೆ ಕೆಡಲ್ಲ," ಎಂದು ನಕ್ಕಳು.

ಕೊಂಕಿಲ್ಲದ ನಗು. ಕೊಂಕಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ನಾನು ಒಂಬತ್ತು ದಿನ ತೆಗೆದುಕೊಳ್ಳುವ ಕೆಲಸವನ್ನು ಅವಳು ಎರಡು ದಿನದಲ್ಲಿ ಮುಗಿಸಿದಳು. ಮುಗಿಸಿ, ಮೊಬೈಲಿನಲ್ಲೂ ಸರಿಯಾಗಿ ಕಾಣುವಂತೆ ಮಾಡಿ, ಮಧ್ಯಾಹ್ನದ ಡಬ್ಬಿ ತೆರೆದು ನಿಧಾನವಾಗಿ ಮುದ್ದೆ ಮುರಿಯುತ್ತಿದ್ದಳು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂಬ ಗಾದೆ ನನಗೂ ಗೊತ್ತು. ಆದರೂ ದಿನವಿಡೀ ನೆಲವನ್ನೇ ಬೈದೆ. ಅವಳು ಬರೆಯುವ ಕೋಡ್ ಕೊಳಕು, ಅದಕ್ಕೆ ರೂಪವಿಲ್ಲ, ಮುಂದೆ ಬರುವವರಿಗೆ ಅರ್ಥವಾಗುವುದಿಲ್ಲ ಎಂದು ಅಚ್ಯುತ್ ಸರ್ ಕಿವಿಗೆ ಹಾಕಿದೆ. ಅವರು ತಲೆಯಾಡಿಸಿದರು. ಒಂದು ಬುಧವಾರ ನನ್ನದೇ ಪುಟವೊಂದು ಮೊಬೈಲಿನಲ್ಲಿ ಓರೆಯಾಗಿ ಕಂಡಾಗ, ಅವರು ನನ್ನ ತಲೆಯ ಮೇಲಿಂದ ಹಿಂದಿನ ಕುರ್ಚಿಗೆ ಕೂಗಿದರು: "ತನುಜ, ಇದನ್ನೊಂಚೂರು ನೋಡಮ್ಮ."

ನೋಡಮ್ಮ! ಆರು ವರ್ಷದ ನನ್ನ ಪದವನ್ನು ಅವಳ ಮಡಿಲಿಗೆ ಹಾಕಿದರು. ಅಂದು ಬಸ್ಸಿನಲ್ಲಿ ಸೀಟು ಸಿಕ್ಕಿತು. ಕೂತರೂ ಹೊಟ್ಟೆಯ ಉರಿ ಇಳಿಯಲಿಲ್ಲ.

ಆಷಾಢದಲ್ಲಿ ಶಿಡ್ಲಘಟ್ಟದ ರೀಲರುಗಳ ಸಂಘವೊಂದರ ಕೆಲಸ ಬಂತು. ರೀಲರುಗಳೆಂದರೆ ರೈತರಿಂದ ರೇಷ್ಮೆಗೂಡು ಕೊಂಡು ನೂಲು ಬಿಚ್ಚುವವರು. ದಿನದ ಗೂಡಿನ ದರ ಮೊಬೈಲಿನಲ್ಲಿ ಕಾಣಬೇಕು ಎಂಬುದು ಅವರ ಬೇಡಿಕೆ. ನನಗೇ ಬರಬೇಕಾದ ಕೆಲಸ, ತನುಜಳಿಗೆ ಹೋಯಿತು. "ಅವಳಿಗೆ ಗೂಡಿನ ವಿಷ್ಯ ಗೊತ್ತಲ್ಲ ಪ್ರಿಯಂವದಾ, ನೀವು ಕೊನೆಗೊಂದ್ಸಲ ನೋಡಿಬಿಡಿ," ಎಂದರು ಸರ್.

ತನುಜ ಅದರಲ್ಲಿ ಅಕ್ಷರಕ್ಕಿಂತ ಬಣ್ಣವನ್ನು ನಂಬಿದಳು. ಹಳದಿ ಬಣ್ಣದ ಮಿಶ್ರತಳಿ ಗೂಡಿನ ಸಾಲಿಗೆ ಹಳದಿ, ಬಿಳಿ ಗೂಡಿನ ಸಾಲಿಗೆ ತಿಳಿನೀಲಿ, ದರ ಏರಿದ್ದರೆ ಹಸಿರು ಅಂಚು, ಇಳಿದಿದ್ದರೆ ಕೆಂಪು. "ನಮ್ ತಾತ ಬಯ್ಯಪ್ಪಂಗೆ ಓದು ಬರಲ್ಲ ಅಕ್ಕ. ಬಿಸಿಲಲ್ಲಿ ನಿಂತು ಫೋನ್ ಹಿಡಿದ್ರೂ ಬಣ್ಣದಲ್ಲೇ ತಿಳೀಬೇಕು," ಎಂದಳು. ಅದು ಒಳ್ಳೆಯ ಯೋಚನೆ. ನನಗೆ ಹೊಳೆಯದ ಯೋಚನೆ. ಅದಕ್ಕೇ "ಸಂತೆ ಬಲೂನಿನ ಹಾಗಿದೆ" ಎಂದುಬಿಟ್ಟೆ.

ಶುಕ್ರವಾರ ಸಂಘದಲ್ಲಿ ತೋರಿಸುವುದಿತ್ತು. ಗುರುವಾರ ಮಧ್ಯಾಹ್ನ ತನುಜ ಬ್ಯಾಗು ಹೆಗಲಿಗೇರಿಸಿಕೊಂಡು ನನ್ನ ಮೇಜಿನ ಬಳಿ ಬಂದಳು.

"ಅಕ್ಕ, ಮನೇಲಿ ಹುಳ ಹಣ್ಣಾಗ್ಬಿಟ್ಟಿವೆ. ಇವತ್ತೇ ಚಂದ್ರಿಕೆಗೆ ಬಿಡ್ಬೇಕು, ಕೈ ಸಾಲಲ್ಲ. ನಾನು ಊರಿಗೆ ಹೋಗ್ತೀನಿ. ನೀವು ನೋಡಿ ಬಿಟ್ಬಿಡ್ತೀರಲ್ಲ?"

"ಹೋಗಮ್ಮ, ನಾನಿದ್ದೀನಲ್ಲ," ಎಂದೆ. ಹಣ್ಣಾಗಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಬೇಡುವ ಹುಳು ಯಾರಿಗೂ ಕಾಯುವುದಿಲ್ಲವೆಂದು ಈ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು.

ಅವಳು ಹೋದ ಮೇಲೆ ಅವಳ ಫೈಲುಗಳನ್ನು ಒಂದೊಂದಾಗಿ ತೆರೆದೆ. ತಪ್ಪು ಹುಡುಕಲೆಂದೇ ಕೂತಿದ್ದೆ, ಸುಳ್ಳೇಕೆ. ತಪ್ಪು ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಒಂದು ಅನಾಥ ಪುಟ. ಯಾವ ಕೊಂಡಿಯಿಂದಲೂ ಅಲ್ಲಿಗೆ ದಾರಿಯಿಲ್ಲ, ಯಾರೂ ಅದನ್ನು ತೆರೆಯುವುದಿಲ್ಲ. ಒಳಗೆ ಹಳದಿ, ನೀಲಿ ಹಿನ್ನೆಲೆಗಳ, ಹಸಿರು, ಕೆಂಪು ಅಂಚುಗಳ ಪದಗಳು ಸುಮ್ಮನೆ ಸಾಲಾಗಿ ನಿಂತಿದ್ದವು.

ಆ ಪುಟ ಏಕಿತ್ತು ಎಂದರೆ, ಸೈಟನ್ನು ಹೊರಗೆ ಬಿಡುವಾಗ ಟೈಲ್‌ವಿಂಡ್ ಎಲ್ಲ ಫೈಲುಗಳನ್ನೂ ಓದಿ, ಪೂರ್ತಿಯಾಗಿ ಬರೆದಿರುವ ಪದಗಳನ್ನು ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನು ಕೈಬಿಡುತ್ತದೆ. ದರದ ಸಾಲುಗಳಲ್ಲಿ ತನುಜ ಬಣ್ಣದ ಪದವನ್ನು ಎರಡು ತುಂಡು ಮಾಡಿದ್ದಳು. ಹಿನ್ನೆಲೆ ಎಂಬ ತುಂಡು ಕೋಡಿನಲ್ಲಿ, ಹಳದಿಯೋ ನೀಲಿಯೋ ಎಂಬ ತುಂಡು ದಿನದ ಮಾಹಿತಿಯಿಂದ ಬಂದು ಸೇರಿಕೊಳ್ಳಬೇಕು. ತುಂಡುಗಳನ್ನು ಟೈಲ್‌ವಿಂಡ್ ಜೋಡಿಸಿ ಓದುವುದಿಲ್ಲ. ಅದಕ್ಕೆ ಕಾಣಲೆಂದೇ ಅವಳು ಪೂರ್ತಿ ಪದಗಳನ್ನು ಒಂದು ಕಡೆ ಬರೆದಿಟ್ಟಿದ್ದಳು.

ಇದು ನನಗೆ ಗೊತ್ತಿರಲಿಲ್ಲ ಎಂದು ಹೇಳಿಬಿಡಬಹುದು. ಅರ್ಧ ಗೊತ್ತಿತ್ತು. ಅವಳನ್ನು ಕೇಳದೆ, ಕದ್ದು ಕದ್ದು, ಎರಡು ತಿಂಗಳಿಂದ ನಾನೂ ಅದನ್ನು ಓದುತ್ತಿದ್ದೆ. ಒಂದು ಫೋನು ಮಾಡಿದ್ದರೆ ಮಿಕ್ಕರ್ಧವೂ ತಿಳಿಯುತ್ತಿತ್ತು. ಮಾಡಲಿಲ್ಲ. ಪುಟವನ್ನು ಅಳಿಸಿದೆ. ಪದ್ಧತಿಯಂತೆ ಬದಲಾವಣೆಯ ಟಿಪ್ಪಣಿ ಬರೆದೆ: "ಬೇಡದ ಫೈಲು ತೆಗೆದಿದೆ." ನನ್ನ ಕಂಪ್ಯೂಟರಿನಲ್ಲಿ ಬೆಳಿಗ್ಗೆಯಿಂದ ತೆರೆದೇ ಇದ್ದ ಸೈಟಿನಲ್ಲಿ ಬಣ್ಣ ಹಾಗೆಯೇ ಉಳಿದಿತ್ತು. ಹೊರಗೆ ಬಿಟ್ಟ ಸೈಟು ಹೇಗೆ ಕಾಣುತ್ತಿದೆ ಎಂದು ತೆರೆದು ನೋಡುವುದು ನನ್ನ ಆರು ವರ್ಷದ ರೂಢಿ. ಅಂದು ಬಿಟ್ಟೆ, ಆದರೆ ತೆರೆದು ನೋಡಲಿಲ್ಲ. "ಪ್ರಿಯಂವದಾ ನೋಡಿದ್ರಾ?" ಎಂದರು ಸರ್. "ನೋಡಿದೆ ಸರ್," ಎಂದೆ.

ಮರುದಿನ ಸಂಘದ ಕೋಣೆಯಲ್ಲಿ ಇಪ್ಪತ್ತು ಜನ ಸೇರಿದ್ದರು. ತನುಜ ಊರಿನಿಂದ ನೇರವಾಗಿ ಬಂದಿದ್ದಳು, ಕಣ್ಣಿನಲ್ಲಿ ನಿದ್ದೆಗೆಟ್ಟ ಕೆಂಪು. ಜೊತೆಗೆ ತಾತ ಬಯ್ಯಪ್ಪನನ್ನೂ ಕರೆತಂದಿದ್ದಳು. ಒಗೆದ ಪಂಚೆ, ಹೆಗಲ ಮೇಲೆ ಟವಲು, ಬಾಗಿಲ ಬಳಿಯ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಮೊಮ್ಮಗಳು ಮಾಡಿದ್ದನ್ನು ನೋಡಲು ಬಂದವರು.

ಗೋಡೆಯ ಮೇಲೆ ಸೈಟು ಬೆಳಗಿತು. ಇಡೀ ಪಟ್ಟಿ ಬಿಳಿ. ಒಂದು ಸಾಲಿಗೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲ.

"ಏಮಮ್ಮಾ, ಎಲ್ಲಾ ತೆಲ್ಲಗೈತೆ?" ಎಂದು ತೆಲುಗು ಬೆರೆಸಿ ಕೇಳಿದರು ಸಂಘದ ಕಾರ್ಯದರ್ಶಿ ಕೋನಪ್ಪ. "ಸುಣ್ಣ ಹೊಡ್ದಂಗೈತಲ್ಲಮ್ಮ. ಯಾವ್ದು ಹಳ್ದಿ ಗೂಡು, ಯಾವ್ದು ಬಿಳಿ ಗೂಡು?"

ನನಗೆ ಸಂತೋಷವಾಯಿತು. ಅದನ್ನು ಮುಚ್ಚಿಡುವುದಿಲ್ಲ. ಎದೆಯಲ್ಲಿ ಹಾಲು ಉಕ್ಕಿದ ಹಾಗಾಯಿತು. ಅಷ್ಟರಲ್ಲಿ ಬಯ್ಯಪ್ಪ ಎದ್ದು, ಗೋಡೆಯ ಹತ್ತಿರ ಬಂದು, ಬಗ್ಗಿ ನೋಡಿದರು.

"ತನೂ, ಹಳ್ದಿ ನಮ್ದು ಅಂದಿದ್ಯಲ್ಲಮ್ಮ. ಇದ್ರಲ್ಲಿ ನಮ್ ಗೂಡೆಲ್ಲಿ?"

ಯಾರೋ ಕಿಸಕ್ಕನೆ ನಕ್ಕರು. ತಾತ ಟವಲಿನಿಂದ ಕಣ್ಣು ಒರೆಸಿಕೊಂಡು ಮತ್ತೆ ನೋಡಿದರು, ತಪ್ಪು ತಮ್ಮ ಕಣ್ಣಿನದೇ ಎಂಬಂತೆ. ಉಕ್ಕಿದ್ದು ಹೊತ್ತಿ ಸೀದುಹೋಯಿತು.

ತನುಜ ಲ್ಯಾಪ್‌ಟಾಪ್ ತೆರೆದಳು. ಬದಲಾವಣೆಗಳ ಪಟ್ಟಿ ತೆಗೆದು ಒಂದು ಕ್ಷಣ ಅಲ್ಲೇ ನಿಂತಳು. ಅಲ್ಲಿ ಏನು ತೆಗೆದಿದೆ, ಯಾರು ತೆಗೆದರು, ಎಷ್ಟು ಗಂಟೆಗೆ, ಎಲ್ಲ ಇರುತ್ತದೆ. ನನ್ನ ಕಡೆ ತಿರುಗಲಿಲ್ಲ. ಪುಟವನ್ನು ವಾಪಸು ತಂದು ಮತ್ತೆ ಹೊರಗೆ ಬಿಟ್ಟಳು. ಹತ್ತು ನಿಮಿಷದಲ್ಲಿ ಗೋಡೆಯ ಮೇಲೆ ಹಳದಿ ಬಂತು, ನೀಲಿ ಬಂತು.

"ಏನಾಗಿತ್ತಮ್ಮ?" ಎಂದರು ಅಚ್ಯುತ್ ಸರ್.

ಕುಂಬಳಕಾಯಿ ಕಳ್ಳಿ ನಾನು, ಕೈ ತಾನಾಗಿ ಹೆಗಲಿಗೆ ಹೋಯಿತು. "ನನ್ನ ಮೆಷಿನ್‌ನಲ್ಲಿ ಸರಿಯಾಗಿತ್ತು ಸರ್," ಎಂದೆ, ಯಾರೂ ನನ್ನನ್ನು ಕೇಳದಿದ್ದರೂ.

"ಒಂದು ಫೈಲು ಬಿಟ್ಟೋಗಿತ್ತು ಸರ್. ಅದು ಯಾಕೆ ಬೇಕು ಅಂತ ನಾನೇ ಬರೆದಿಡ್ಬೇಕಿತ್ತು," ಎಂದಳು ತನುಜ.

ಕೆಲಸ ಮುಗಿದು ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ ನಾವಿಬ್ಬರೇ ನಿಂತೆವು. ತಾತ ಕಡಲೆಕಾಯಿ ಕೊಳ್ಳಲು ಹೋಗಿದ್ದರು. ಅವಳು ಬೈಯಲಿ ಎಂದು ಕಾದೆ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ.

"ಅಕ್ಕ, ಬೇಡದ್ದು ಅಂತ ಬರೆದಿದ್ರಿ," ಎಂದಳು. "ಬೇಡ್ದೇ ಇದ್ದಿದ್ದು ಆ ಫೈಲಾ, ನಾನಾ?"

ಸಾದಲಿಯ ಬಸ್ಸು ಬಂತು. ತಾತನ ಕೈ ಹಿಡಿದು ಹತ್ತಿಸಿ ತಾನೂ ಹತ್ತಿದಳು. ಶನಿವಾರ, ಭಾನುವಾರ ಎರಡೂ ದಿನ ಅವಳ ಪ್ರಶ್ನೆಯನ್ನೇ ಅಗಿದೆ. ಅವಳು ನನ್ನನ್ನು ಕಾಪಾಡಿದ್ದು ನನಗೆ ಇನ್ನೊಂದು ಕಿಚ್ಚಾಗಿತ್ತು. ಒಳ್ಳೆಯತನದಲ್ಲೂ ನನ್ನನ್ನು ಹಿಂದೆ ಹಾಕಬೇಕೇ ಇವಳು?

ಸೋಮವಾರ ಬೆಳಿಗ್ಗೆ ತನುಜ ಕೂತಿರುವಾಗಲೇ ಅಚ್ಯುತ್ ಸರ್ ಮುಂದೆ ನಿಂತು ಹೇಳಿದೆ. "ಆ ಪುಟ ತೆಗೆದದ್ದು ನಾನು ಸರ್. ಗೊತ್ತಿದ್ದೂ ತೆಗೆದೆ. ಇವಳನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು." ತಿರುಗಿ ತನುಜಳಿಗೆ ಹೇಳಿದೆ: "ಫೈಲಲ್ಲ ಕಣೇ. ನೀನೇ."

ಅವಳು ತಲೆ ತಗ್ಗಿಸಿದಳು. ಸರ್ ಪೆನ್ನನ್ನು ಮೇಜಿನ ಮೇಲಿಟ್ಟು, "ಇನ್ಮೇಲೆ ನಿಮ್ಮ ಕೆಲಸಾನ ತನುಜ ನೋಡ್ಲಿ," ಎಂದರು. ಅಷ್ಟೇ. ಆರು ವರ್ಷದ ಪ್ರಶ್ನೆ ಹೋಯಿತು.

ಆ ವಾರ ನಾನು ಮುಗಿಸಿದ್ದು ಚಿಂತಾಮಣಿಯ ಒಂದು ಶಾಲೆಯ ಸೈಟು. ಪೂರ್ತಿ ನನ್ನ ರೀತಿಯದು, ನಾನೇ ಇಟ್ಟ ಹೆಸರುಗಳು, ಕೈಯಾರೆ ಬರೆದ ಸಾವಿರದ ಇನ್ನೂರು ಸಾಲುಗಳು. ತನುಜಳಿಗೆ ಕಳಿಸಿದೆ. ಸಂಜೆಯ ಹೊತ್ತಿಗೆ ವಾಪಸು ಬಂತು. ನಾನೂರ ಹತ್ತು ಸಾಲುಗಳು ಹೋಗಿದ್ದವು. ಯಾವ ಪುಟದಲ್ಲೂ ಇಲ್ಲದ ಹೆಸರುಗಳಿಗೆಂದು ಬರೆದು, ವರ್ಷಗಳಿಂದ ನಾನು ಒಂದು ಸೈಟಿನಿಂದ ಇನ್ನೊಂದಕ್ಕೆ ಹೊತ್ತು ತರುತ್ತಿದ್ದ ಸಾಲುಗಳು. ಪ್ರತಿ ತುಂಡನ್ನೂ ಏಕೆ ತೆಗೆದಳೆಂದು ಎದುರಿಗೇ ಬರೆದಿದ್ದಳು. ಎಲ್ಲದರ ಮೇಲೆ ಅವಳ ಟಿಪ್ಪಣಿ: "ಬೇಡದ್ದು ತೆಗೆದಿದೆ."

ಸೈಟನ್ನು ಹೊರಗೆ ಬಿಟ್ಟು, ಈ ಸಲ ತೆರೆದು ನೋಡಿದೆ. ಪುಟ ಪುಟವೂ ನೋಡಿದೆ, ಮೊಬೈಲಿನಲ್ಲಿ ನೋಡಿದೆ, ಗೌರಿಬಿದನೂರಿನ ಬಸ್ಸು ತಪ್ಪಿಸಿಕೊಂಡು ಕೂತು ನೋಡಿದೆ. ಎಲ್ಲಾದರೂ ಒಂದು ಗೆರೆ ಜಾರಿರಲಿ, ಒಂದು ಬಣ್ಣ ಮಾಸಿರಲಿ ಎಂದು ಹುಡುಕಿದೆ.

ಒಂದೂ ಕೆಟ್ಟಿರಲಿಲ್ಲ.